ತಾಳೆಯಾದ ಸಂಖ್ಯೆಗಳು: 1962ರ ಜಾಗ್ವಾರ್ ಇ-ಟೈಪ್ ಒಂದರ ಅಸಲಿತನದ ತಪಾಸಣೆ

ಮಾರಾಟಕ್ಕಿದ್ದದ್ದು 1962ರಲ್ಲಿ ತಯಾರಾದ ಜಾಗ್ವಾರ್ ಇ-ಟೈಪ್. 3.8 ಲೀಟರ್ ಎಂಜಿನ್, ಬಲಬದಿಯ ಸ್ಟೀರಿಂಗ್, ಎರಡು ಸೀಟು, ಮಡಚಿಡಬಹುದಾದ ಬಟ್ಟೆಯ ಮಾಡು (ಚಾವಣಿ), ಕೆಂಪು ಬಣ್ಣ. ಮಾರುವವರು ಕೊಟ್ಟ ವಿವರಣೆ ದೀರ್ಘವಾಗಿದ್ದರೂ ಕೇಳಿದ ಬೆಲೆಗೆ ಆಧಾರವಾಗಿದ್ದದ್ದು ಅದರೊಳಗಿನ ಒಂದು ವಾಕ್ಯ: ‘ಚಾಸಿ, ಬಾಡಿ, ಎಂಜಿನ್, ಗೇರ್‌ಬಾಕ್ಸ್ ನಾಲ್ಕೂ ಕಾರ್ಖಾನೆಯಲ್ಲಿ ಕೂರಿಸಿದವೇ, ಎಲ್ಲ ಸಂಖ್ಯೆಗಳೂ ಹೊಂದುತ್ತವೆ.’ ಕೊಳ್ಳಲು ಹೊರಟವರು ನನಗೆ ಪರಿಚಿತರು. ಹಣ ಕೊಡುವ ಮೊದಲು ಈ ವಾಕ್ಯವನ್ನು ಪರೀಕ್ಷಿಸಿಕೊಡಬೇಕೆಂದು ಕೇಳಿದರು.

ಹಳೆಯ ಕಾರು ಕೊಳ್ಳುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ‘ಸಂಖ್ಯೆಗಳನ್ನು ತಾಳೆ ನೋಡಿ’ ಎಂಬಲ್ಲಿಗೆ ನಿಂತುಬಿಡುತ್ತದೆ. ಈ ಕಾರಿನಲ್ಲಿ ಸಂಖ್ಯೆಗಳೆಲ್ಲ ಕಾರ್ಖಾನೆಯ ದಾಖಲೆಯೊಂದಿಗೆ ತಾಳೆಯಾದವು. ಆದರೂ ಆ ವಾಕ್ಯ ನಿಜವಾಗಿರಲಿಲ್ಲ. ಅದು ಹೇಗೆ ಬಯಲಾಯಿತು, ಯಾವ ಸಾಕ್ಷ್ಯಕ್ಕೆ ಎಷ್ಟು ಬೆಲೆ ಕೊಟ್ಟೆವು, ಕೊನೆಗೆ ವ್ಯವಹಾರ ಏನಾಯಿತು ಎಂಬುದನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುತ್ತಿದ್ದೇನೆ.

ತಿದ್ದಿದರೆ ಯಾರಿಗೆ ಲಾಭ?

ಇ-ಟೈಪ್ ವಿರಳವಾದ ಕಾರೇನೂ ಅಲ್ಲ. 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, 1974ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಬ್ರೌನ್ಸ್ ಲೇನ್ ಕಾರ್ಖಾನೆಯಿಂದ 72 ಸಾವಿರಕ್ಕೂ ಹೆಚ್ಚು ಕಾರುಗಳು ಹೊರಬಂದವು. ಬೆಲೆಯಲ್ಲಿ ದೊಡ್ಡ ಅಂತರ ಹುಟ್ಟುವುದು ಅವುಗಳ ಒಳಭೇದಗಳಿಂದ. ಮೊದಲ ಸುಮಾರು 500 ಕಾರುಗಳಲ್ಲಿ ಬಾನೆಟ್‌ನ ಬೀಗ ಹೊರಮೈಯಲ್ಲಿತ್ತು. ಅವುಗಳನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗುತ್ತಾರೆ. 1962ರ ಆರಂಭದವರೆಗಿನ ಕಾರುಗಳ ತಳ ಚಪ್ಪಟೆಯಾಗಿತ್ತು. ಕಾಲು ಚಾಚಲು ತಗ್ಗು ಬಂದದ್ದು ಆಮೇಲೆ. 1964ರ ಅಕ್ಟೋಬರ್‌ನಲ್ಲಿ 3.8ರ ಜಾಗಕ್ಕೆ 4.2 ಲೀಟರ್ ಎಂಜಿನ್ ಬಂತು. ಗಟ್ಟಿ ಮಾಡಿನ ಕೂಪೆಗಿಂತ ತೆರೆದ ಕಾರಿಗೆ ಬೇಡಿಕೆ ಹೆಚ್ಚು. ಬಹುಪಾಲು ಕಾರುಗಳು ಎಡಬದಿಯ ಸ್ಟೀರಿಂಗ್‌ನೊಂದಿಗೆ ವಿದೇಶಕ್ಕೆ ಹೋದದ್ದರಿಂದ, ರಸ್ತೆಯ ಎಡಕ್ಕೆ ಓಡಿಸುವ ದೇಶಗಳಲ್ಲಿ ಬಲಬದಿಯ ಸ್ಟೀರಿಂಗ್ ಇರುವ ಅಸಲಿ ಕಾರಿಗೆ ಹೆಚ್ಚು ಮಾನ.

ಕಾರನ್ನು ನೋಡಲು ಹೋಗುವ ಮೊದಲೇ ಇದನ್ನೆಲ್ಲ ಬರೆದಿಟ್ಟುಕೊಳ್ಳುವುದು ನನ್ನ ಪದ್ಧತಿ. ಈ ಮಾದರಿಯಲ್ಲಿ ಯಾವ ಬದಲಾವಣೆ ಮಾಡಿದರೆ ಬೆಲೆ ಏರುತ್ತದೆ ಎಂಬುದು ಗೊತ್ತಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಾಗುತ್ತದೆ. ನಮ್ಮ ಪಟ್ಟಿಯಲ್ಲಿ ಮೂರು ಪ್ರಶ್ನೆಗಳಿದ್ದವು. ಇದು ಕೂಪೆಯ ಮಾಡು ಕತ್ತರಿಸಿ ಮಾಡಿದ ತೆರೆದ ಕಾರೇ? ಎಡಬದಿಯಿಂದ ಬಲಬದಿಗೆ ಬದಲಾದ ಕಾರೇ? ಎಂಜಿನ್ ಬೇರೆಯದೇ?

ಮೊದಲೆರಡು ಪ್ರಶ್ನೆಗಳಿಗೆ ಚಾಸಿ ಸಂಖ್ಯೆಯೇ ಆರಂಭದ ಉತ್ತರ ಕೊಡುತ್ತದೆ. 3.8 ಲೀಟರ್ ಕಾರುಗಳಲ್ಲಿ ಬಲಬದಿಯ ತೆರೆದ ಕಾರುಗಳು 850001ರಿಂದ, ಬಲಬದಿಯ ಕೂಪೆಗಳು 860001ರಿಂದ, ಎಡಬದಿಯ ತೆರೆದ ಕಾರುಗಳು 875001ರಿಂದ, ಎಡಬದಿಯ ಕೂಪೆಗಳು 885001ರಿಂದ ಶುರುವಾಗುತ್ತವೆ. ನಮ್ಮ ಮುಂದಿದ್ದ ಕಾರಿನ ಸಂಖ್ಯೆ 850ರ ಸಾಲಿನದು. ಮಾತಿಗೂ ಸಂಖ್ಯೆಗೂ ಹೊಂದಿಕೆ ಇತ್ತು. ಆದರೆ ಆ ಸಂಖ್ಯೆ ಒತ್ತಿರುವ ಲೋಹ ಯಾವುದು ಎಂಬುದು ಇ-ಟೈಪ್‌ನಲ್ಲಿ ಕೇಳಲೇಬೇಕಾದ ಪ್ರಶ್ನೆ.

ಬಿಚ್ಚಬಹುದಾದ ಗುರುತು

ಇ-ಟೈಪ್‌ಗೆ ಪ್ರತ್ಯೇಕ ಚಾಸಿ, ಅಂದರೆ ಇಡೀ ಕಾರನ್ನು ಹೊರುವ ಅಡಿಚೌಕಟ್ಟು, ಇಲ್ಲ. ಚಾಲಕ ಕೂರುವ ಭಾಗದಿಂದ ಹಿಂದಿನ ತುದಿಯವರೆಗೆ ಉಕ್ಕಿನ ತಗಡುಗಳನ್ನು ಬೆಸೆದು ಮಾಡಿದ ಒಂದೇ ಒಡಲು. ಅದರ ಮುಂದಿನ ಗೋಡೆಗೆ ರೆನಾಲ್ಡ್ಸ್ 531 ಉಕ್ಕಿನ ಚೌಕ ಕೊಳವೆಗಳ ಎರಡು ಚೌಕಟ್ಟುಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಎಂಜಿನ್ ಕೂರುವುದು ಅವುಗಳ ನಡುವೆ. ಆ ಚೌಕಟ್ಟುಗಳ ಮುಂತುದಿಗೆ ಮತ್ತೊಂದು ಅಡ್ಡ ಚೌಕಟ್ಟು ಬರುತ್ತದೆ. ಆಕಾರದಿಂದಾಗಿ ಅದಕ್ಕೆ ಪಿಕ್ಚರ್ ಫ್ರೇಮ್ ಎಂದೇ ಹೆಸರು. ಚಾಸಿ ಸಂಖ್ಯೆಯನ್ನು ಒತ್ತಿರುವುದು ಈ ಅಡ್ಡ ಚೌಕಟ್ಟಿನ ಬಲಭಾಗದಲ್ಲಿ, ಶಾಕ್ ಅಬ್ಸಾರ್ಬರ್ ಸಿಕ್ಕಿಸುವ ಜಾಗದ ಮೇಲ್ಗಡೆ.

ಅಂದರೆ ಕಾರಿನ ಗುರುತಿನ ಸಂಖ್ಯೆ ಇರುವುದು ಸ್ಪ್ಯಾನರ್ ಹಿಡಿದು ಬಿಚ್ಚಿ ತೆಗೆಯಬಹುದಾದ ಭಾಗದಲ್ಲಿ. ಆ ಕೊಳವೆಗಳು ತೆಳ್ಳಗಿವೆ, ಒಳಗಿನಿಂದ ತುಕ್ಕು ಹಿಡಿಯುತ್ತವೆ. ಅರವತ್ತು ವರ್ಷ ದಾಟಿದ ಕಾರಿನಲ್ಲಿ ಚೌಕಟ್ಟು ಬದಲಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ; ಜೀವಕ್ಕೆ ಅಪಾಯವಿಲ್ಲದಂತೆ ಓಡಿಸಬೇಕಾದರೆ ಬದಲಿಸಲೇಬೇಕಾಗುತ್ತದೆ. ಹಾಗೆ ಬದಲಿಸಿದವರು ಹಳೆಯ ಸಂಖ್ಯೆಯನ್ನು ಹೊಸ ಕೊಳವೆಯ ಮೇಲೆ ಒತ್ತುತ್ತಾರೆ. ಒಂದು ಪುಡಿಯಾದ ಕಾರಿನ ಸಂಖ್ಯೆಯನ್ನು ಕದ್ದ ಇನ್ನೊಂದು ಕಾರಿಗೆ ಕೊಡಲು ಹೊರಟವರೂ ಅದೇ ಕೆಲಸ ಮಾಡುತ್ತಾರೆ. ಎರಡರ ಫಲಿತಾಂಶವೂ ಕಣ್ಣಿಗೆ ಒಂದೇ ರೀತಿ ಕಾಣುತ್ತದೆ.

ನಮ್ಮ ಕಾರಿನ ಚೌಕಟ್ಟಿನ ಮೇಲಿನ ಅಂಕಿಗಳು ತೀರಾ ಹರಿತವಾಗಿದ್ದವು. ಸುತ್ತಲಿನ ಬಣ್ಣ ಹೊಸದು, ಕೀಲುಗಳಲ್ಲಿನ ಹಿತ್ತಾಳೆಬಣ್ಣದ ಬೆಸುಗೆ ಅಚ್ಚುಕಟ್ಟು, ಕೊಳವೆಯ ಮೇಲೆ ವಯಸ್ಸಿನ ಒಂದು ಕಲೆಯೂ ಇಲ್ಲ. ಖರೀದಿದಾರರು ಅಲ್ಲಿಯೇ ವಾಪಸು ಹೊರಡಲು ಸಿದ್ಧರಾಗಿದ್ದರು. ನಾನು ಮಾರುವವರನ್ನು ನೇರವಾಗಿ ಕೇಳಿದೆ: ಈ ಚೌಕಟ್ಟು ಯಾವಾಗ ಬದಲಾಯಿತು?

ಅವರು ತಡಮಾಡದೆ ಉತ್ತರಿಸಿದರು. ತಮ್ಮ ಕೈಗೆ ಕಾರು ಬಂದ ಮೇಲೆ ಮುಂದಿನ ಮೂರೂ ಚೌಕಟ್ಟುಗಳನ್ನು ಬದಲಿಸಿದ್ದಾಗಿ ಹೇಳಿ ಅದರ ಬಿಲ್ಲುಗಳನ್ನು ತೆಗೆದುಕೊಟ್ಟರು. ಆಮೇಲೆ ಗ್ಯಾರೇಜಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಅದರೊಳಗೆ ಹಳೆಯ ಅಡ್ಡ ಚೌಕಟ್ಟಿನಿಂದ ಕತ್ತರಿಸಿ ಉಳಿಸಿಕೊಂಡಿದ್ದ ತುಂಡಿತ್ತು: ತುಕ್ಕು ತಿಂದು ತೂತಾದ ಕೊಳವೆ, ಹಲವು ಪದರ ಬಣ್ಣ, ಅದರಡಿಯಲ್ಲಿ ಓದಲು ಬರುವಂತೆಯೇ ಉಳಿದಿದ್ದ ಅದೇ ಸಂಖ್ಯೆ. ಬದಲಾಯಿಸುವಾಗಿನ ಛಾಯಾಚಿತ್ರಗಳಲ್ಲಿ ಹಳೆಯ ಚೌಕಟ್ಟು ಇದೇ ಒಡಲಿಗೆ ಸಿಕ್ಕಿಕೊಂಡಿರುವುದು, ಬೋಲ್ಟ್ ಬಿಚ್ಚಿದ್ದು, ಹೊಸದು ಕೂತದ್ದು ಕ್ರಮವಾಗಿ ಕಾಣುತ್ತಿತ್ತು.

ಇದು ನಾನು ನೋಡಿರುವ ಅತ್ಯುತ್ತಮ ನಡವಳಿಕೆಗಳಲ್ಲಿ ಒಂದು. ಸಂಖ್ಯೆ ಇರುವ ಯಾವ ಭಾಗವನ್ನು ಬದಲಿಸುವವರಾದರೂ ಹಳೆಯದನ್ನು ಎಸೆಯಬಾರದು. ಒಂದು ತುಕ್ಕಿನ ತುಂಡಿನಿಂದಾಗಿ, ಕಳ್ಳ ಸಂಖ್ಯೆಯಂತೆ ಕಂಡದ್ದು ಕೆಲವೇ ನಿಮಿಷಗಳಲ್ಲಿ ಪ್ರಾಮಾಣಿಕ ದುರಸ್ತಿಯಾಯಿತು.

ಒಡಲು ಹೇಳಿದ್ದು

ಚೌಕಟ್ಟು ಬದಲಾಗಿದೆ ಎಂದಮೇಲೆ ಕಾರಿನ ಅಸಲಿತನ ನಿಲ್ಲುವುದು ಒಡಲಿನ ಮೇಲೆ. ಇಲ್ಲಿ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರ ನೆರವಿಗೆ ಬರುತ್ತದೆ. ಕಾರ್ಖಾನೆಯ ಮೂಲ ದಾಖಲೆಯಿಂದ ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್ ಸಂಖ್ಯೆಗಳನ್ನೂ ಹೊರಮೈ ಮತ್ತು ಒಳಾಂಗಣದ ಮೂಲ ಬಣ್ಣಗಳನ್ನೂ ತಯಾರಾದ ದಿನಾಂಕ, ರವಾನೆಯಾದ ದಿನಾಂಕ, ಪಡೆದ ವಿತರಕರ ವಿವರವನ್ನೂ ಅದು ನಮೂದಿಸುತ್ತದೆ. ಮಾರುವವರ ಕಡತದಲ್ಲಿ ಅದರ ನಕಲು ಇತ್ತು. ನಕಲನ್ನು ನೆಚ್ಚದೆ ಹೊಸದಾಗಿ ತರಿಸಿಕೊಡಲು ಕೇಳಿದೆವು. ಅವರು ಒಪ್ಪಿದರು, ವಿವರಗಳಲ್ಲಿ ವ್ಯತ್ಯಾಸವಿರಲಿಲ್ಲ.

ಈ ಪ್ರಮಾಣಪತ್ರದ ಬಗ್ಗೆ ಕೊಳ್ಳುವವರಲ್ಲಿ ದೊಡ್ಡ ತಪ್ಪು ಕಲ್ಪನೆಯಿದೆ. ಕಾರ್ಖಾನೆಯಿಂದ ಅಂದು ಏನು ಹೊರಟಿತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಇಂದು ಎದುರಿಗೆ ನಿಂತಿರುವುದು ಅದೇ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಸುಳ್ಳು ಸಂಖ್ಯೆ ಒತ್ತುವವರ ಮೇಜಿನ ಮೇಲೂ ಇದೇ ಪ್ರಮಾಣಪತ್ರ ಇರುತ್ತದೆ, ಏಕೆಂದರೆ ಯಾವ ಸಂಖ್ಯೆ ಒತ್ತಬೇಕೆಂದು ತಿಳಿಸುವುದೇ ಅದು. ಎಂಜಿನ್ ಕೋಣೆಯಲ್ಲಿ ನಾಲ್ಕೂ ಸಂಖ್ಯೆಗಳನ್ನು ಹೊತ್ತ ತಗಡಿನ ಫಲಕದ ಕಥೆಯೂ ಇದೇ. ಹೊಸ ಖಾಲಿ ಫಲಕಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಹಾಗಾಗಿ ಫಲಕ ಹೊಂದಿದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಒಡಲಿಗೆ ತನ್ನದೇ ಬಾಡಿ ಸಂಖ್ಯೆ ಇರುತ್ತದೆ. 3.8ರ ತೆರೆದ ಕಾರುಗಳಲ್ಲಿ ಅದು ‘ಆರ್’ ಅಕ್ಷರದಿಂದಲೂ ಕೂಪೆಗಳಲ್ಲಿ ‘ವಿ’ ಅಕ್ಷರದಿಂದಲೂ ಶುರುವಾಗುತ್ತದೆ. ಇಲ್ಲಿ ‘ಆರ್’ ಇತ್ತು, ಪ್ರಮಾಣಪತ್ರಕ್ಕೂ ಹೊಂದಿತು. ಆದರೆ ಈ ಸಂಖ್ಯೆಯೂ ರಿವೆಟ್ ಹೊಡೆದ ಚಿಕ್ಕ ಫಲಕದ ಮೇಲಿರುವುದು. ಅದನ್ನೂ ಕಿತ್ತು ಕೂರಿಸಬಹುದು.

ಆದ್ದರಿಂದ ಯಾರೂ ನಮ್ಮನ್ನು ಮೆಚ್ಚಿಸಲೆಂದು ಮಾಡಿಟ್ಟಿರಲಾರದ ಸಾಕ್ಷ್ಯ ಬೇಕಿತ್ತು. ಅದು ಬಣ್ಣದಲ್ಲಿ ಸಿಕ್ಕಿತು. ಪ್ರಮಾಣಪತ್ರದ ಪ್ರಕಾರ ಕಾರಿನ ಮೂಲ ಬಣ್ಣ ಒಪಲೆಸೆಂಟ್ ಡಾರ್ಕ್ ಬ್ಲೂ, ಅಂದರೆ ಲೋಹದ ಮಿನುಗಿರುವ ಕಡುನೀಲಿ. ಕಾರು ಈಗ ಕೆಂಪು. ಒಪ್ಪಿಗೆ ಪಡೆದು ಡ್ಯಾಶ್‌ಬೋರ್ಡ್‌ನ ಹಿಂಬದಿ, ಬೂಟ್‌ನ ತಳದ ಹಲಗೆಯ ಕೆಳಗೆ, ಒಳಗಿನ ಹೊದಿಕೆಯ ಅಂಚಿನ ಹಿಂದೆ ಟಾರ್ಚ್ ಹಾಕಿ ನೋಡಿದೆವು. ಮರುಬಣ್ಣ ಬಳಿಯುವವರು ತಲುಪದ ಮೂಲೆಗಳಲ್ಲಿ ಆ ನೀಲಿ ಹಾಗೆಯೇ ಉಳಿದಿತ್ತು. ನೀಲಿಯ ಕೆಳಗೆ ಪ್ರೈಮರ್, ಅದರ ಕೆಳಗೆ ಲೋಹ, ಬೇರೆ ಬಣ್ಣವಿಲ್ಲ. ತಳದ ತಗಡು, ಬಾಗಿಲ ಕೆಳಗಿನ ಸಿಲ್‌ಗಳು ಹೊಸವು, ಅದು ಈ ಕಾರುಗಳಲ್ಲಿ ಸಾಮಾನ್ಯ. ಮುಂದಿನ ಗೋಡೆ, ಸೀಟುಗಳ ನಡುವಿನ ಸುರಂಗದಂಥ ಉಬ್ಬು, ಹಿಂದಿನ ಒಳತಗಡುಗಳಲ್ಲಿ ಮೂಲ ಬಿಂದುಬೆಸುಗೆಗಳು ಸಾಲಾಗಿ ಹಾಗೆಯೇ ಇದ್ದವು. ಮಾಡು ಕತ್ತರಿಸಿದ ಗುರುತಾಗಲಿ, ಸ್ಟೀರಿಂಗ್ ಬದಿ ಬದಲಿಸಲು ಗೋಡೆಯಲ್ಲಿ ತೂತು ಮುಚ್ಚಿದ ಗುರುತಾಗಲಿ ಕಾಣಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ಗೇರ್‌ಬಾಕ್ಸ್ ಸಂಖ್ಯೆ ‘ಇಬಿ’ ಅಕ್ಷರಗಳಿಂದ ಶುರುವಾಗಿತ್ತು, ಪ್ರಮಾಣಪತ್ರಕ್ಕೆ ಹೊಂದಿತ್ತು. ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರನ್ನು ಸದ್ದಿಲ್ಲದೆ ಸುಲಭವಾಗಿ ಕೂರಿಸುವ ವ್ಯವಸ್ಥೆ) ಇಲ್ಲದ ಹಳೆಯ ಮಾಸ್ ಗೇರ್‌ಬಾಕ್ಸ್ ಇದು, ಓಡಿಸುವಾಗಲೇ ಗೊತ್ತಾಗುತ್ತದೆ. ಓಡಿಸಲು ಸುಲಭವೆಂದು ಹಲವರು 4.2ರ ‘ಇಜೆ’ ಗೇರ್‌ಬಾಕ್ಸ್ ಹಾಕಿಸಿಕೊಳ್ಳುವುದರಿಂದ, ಮೂಲದ್ದು ಉಳಿದಿರುವುದು ಈ ಕಾರಿನ ಪರವಾಗಿ ಒಳ್ಳೆಯ ಅಂಶ. ಆಲ್ಟರ್ನೇಟರ್ ಬದಲಿಗೆ ಡೈನಮೊ, ಕೆಲ್ಸಿ-ಹೇಯ್ಸ್ ಬ್ರೇಕ್ ಸರ್ವೊ, ಡ್ಯಾಶ್‌ಬೋರ್ಡ್‌ನ ನಡುವೆ ಅಲ್ಯೂಮಿನಿಯಂ ಹಾಸು, ಎಲ್ಲವೂ 3.8ರ ಕಾಲಕ್ಕೆ ಸರಿ. ಲೂಕಸ್ ಕಂಪನಿಯ ವಿದ್ಯುತ್ ಭಾಗಗಳ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. ಈ ಕಾರಿನಲ್ಲಿ ಉಳಿದಿದ್ದ ಹಳೆಯ ಭಾಗಗಳ ದಿನಾಂಕಗಳು ಕಾರು ತಯಾರಾದ ದಿನಕ್ಕಿಂತ ಸ್ವಲ್ಪ ಹಿಂದಿನವು, ಇರಬೇಕಾದದ್ದೂ ಹಾಗೆಯೇ. ಕಾರಿಗಿಂತ ನಂತರದ ದಿನಾಂಕವಿದ್ದರೆ ಭಾಗ ಬದಲಾಗಿದೆ ಎಂದರ್ಥ. ಎಲ್ಲ ಭಾಗಗಳಲ್ಲೂ ಒಂದೇ ತಿಂಗಳು ಕಂಡರೆ ಯಾರೋ ಆರಿಸಿ ಕೂಡಿಸಿದ್ದಾರೆಯೇ ಎಂದು ಕೇಳಬೇಕಾಗುತ್ತದೆ.

ಎಂಜಿನ್

ಇಷ್ಟರ ಹೊತ್ತಿಗೆ ಖರೀದಿದಾರರು ನಿರಾಳರಾಗಿದ್ದರು. ಎಂಜಿನ್ ಸಂಖ್ಯೆಯೂ ಹೊಂದುತ್ತದೆ ಎಂದು ಮೊದಲ ನೋಟಕ್ಕೇ ತಿಳಿದಿತ್ತು. ಅದೂ ಒಂದು ಕಡೆಯಲ್ಲ, ಎರಡು ಕಡೆ. ಎಂಜಿನ್ನಿನ ಮುಖ್ಯ ಒಡಲು ಬ್ಲಾಕ್, ಅದರ ಮೇಲೆ ಮುಚ್ಚಳದಂತೆ ಕೂರುವುದು ಸಿಲಿಂಡರ್ ಹೆಡ್. ಇ-ಟೈಪ್‌ನಲ್ಲಿ ಎಂಜಿನ್ ಸಂಖ್ಯೆಯನ್ನು ಬ್ಲಾಕ್‌ನ ಬಲಬದಿಯಲ್ಲಿ ಆಯಿಲ್ ಫಿಲ್ಟರಿನ ಮೇಲ್ಗಡೆ ಒಮ್ಮೆ, ಸಿಲಿಂಡರ್ ಹೆಡ್‌ನ ಮುಂಭಾಗದಲ್ಲಿ ಇನ್ನೊಮ್ಮೆ ಒತ್ತಿರುತ್ತಾರೆ. 3.8ರಲ್ಲಿ ಅದು ‘ಆರ್’ ಅಕ್ಷರದಿಂದ ಶುರುವಾಗಿ, ಕೊನೆಯಲ್ಲಿ ಒಂದು ಅಡ್ಡಗೆರೆಯ ನಂತರ 8 ಅಥವಾ 9 ಎಂದು ಮುಗಿಯುತ್ತದೆ. ಆ ಕೊನೆಯ ಅಂಕಿ ಕಂಪ್ರೆಷನ್ ಅನುಪಾತದ್ದು. ಬ್ಲಾಕ್, ಹೆಡ್, ಪ್ರಮಾಣಪತ್ರ ಮೂರರಲ್ಲೂ ಒಂದೇ ಸಂಖ್ಯೆ.

ಆದರೂ ಎಂಜಿನ್ ವಿಷಯದಲ್ಲಿ ನಾನು ನಿಧಾನಿಸಿದ್ದಕ್ಕೆ ಕಾರಣ ಆ ಎಂಜಿನ್ನಿನ ಇತಿಹಾಸವೇ. ಜಾಗ್ವಾರ್‌ನ 3,781 ಸಿಸಿ ಎಕ್ಸ್‌ಕೆ ಎಂಜಿನ್ ಇ-ಟೈಪ್‌ಗೆ ಮಾತ್ರ ಮೀಸಲಾಗಿರಲಿಲ್ಲ. ಮಾರ್ಕ್ 2, ಮಾರ್ಕ್ 10, ಎಸ್-ಟೈಪ್ ಎಂಬ ನಾಲ್ಕು ಬಾಗಿಲಿನ ಸಲೂನ್‌ಗಳಲ್ಲೂ ಅದೇ ಅಳತೆಯ ಎಂಜಿನ್ ಇತ್ತು. ಒಂದು ಕಾಲದಲ್ಲಿ ಆ ಸಲೂನ್‌ಗಳು ಗುಜರಿಯಲ್ಲಿ ಯಥೇಚ್ಛವಾಗಿ ಸಿಗುತ್ತಿದ್ದವು. ಇ-ಟೈಪ್‌ನ ಬ್ಲಾಕ್ ಒಡೆದರೆ ಮೆಕ್ಯಾನಿಕ್‌ಗಳು ಸಲೂನಿನ ಬ್ಲಾಕ್ ತಂದು, ಅದರ ಮೇಲೆ ಇ-ಟೈಪ್‌ನದೇ ಹೆಡ್ ಕೂರಿಸುತ್ತಿದ್ದರು. ಹೊಂಬಣ್ಣದ ಆ ಹೆಡ್ ಮತ್ತು ಮೂರು ದೊಡ್ಡ ಎಸ್‌ಯು ಕಾರ್ಬ್ಯುರೇಟರ್‌ಗಳು ಮೇಲೆ ಬಂದವೆಂದರೆ ಬಾನೆಟ್ ಎತ್ತಿ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವ್ಯತ್ಯಾಸ ಹೇಳುವುದು ಬ್ಲಾಕ್‌ನ ಮೇಲಿನ ಸಂಖ್ಯೆ ಮಾತ್ರ: 3.8ರ ಮಾರ್ಕ್ 2ರ ಎಂಜಿನ್ ಸಂಖ್ಯೆಗಳು ‘ಎಲ್‌ಎ’, ‘ಎಲ್‌ಬಿ’, ‘ಎಲ್‌ಸಿ’ ಮುಂತಾದ ಅಕ್ಷರಗಳಿಂದ ಶುರುವಾಗುತ್ತವೆ.

ಬ್ಲಾಕ್‌ನ ಆ ಭಾಗದ ಎಣ್ಣೆಜಿಡ್ಡು ಒರೆಸಿ, ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೊ ತೆಗೆದೆವು. ಹೆಡ್‌ನ ಸಂಖ್ಯೆಯನ್ನೂ ಹಾಗೆಯೇ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಒಬ್ಬನೇ ಮನುಷ್ಯನ ಸಹಿ ಎಂದು ಹೇಳಿದ ಎರಡು ಕಾಗದಗಳಲ್ಲಿ ಕೈಬರಹ ಬೇರೆ ಬೇರೆ ಇದ್ದಂತೆ ಇತ್ತು. ಹೆಡ್‌ನ ಮೇಲಿನ 3ಕ್ಕೆ ದುಂಡು ತಲೆ, ಬ್ಲಾಕ್‌ನ ಮೇಲಿನ 3ಕ್ಕೆ ಚಪ್ಪಟೆ ತಲೆ. ಬ್ಲಾಕ್‌ನ ಅಂಕಿಗಳು ತುಸು ದೊಡ್ಡವು, ಹೆಚ್ಚು ಆಳ. ಅಂಕಿಗಳು ಸಾಲು ತಪ್ಪಿದ್ದರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಾರ್ಖಾನೆಯಲ್ಲೂ ಪಂಚ್ (ತುದಿಯಲ್ಲಿ ಅಂಕಿಯಿರುವ ಉಕ್ಕಿನ ಅಚ್ಚು) ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಡೊಂಕಾಗುವುದು ಸಹಜ. ಆದರೆ ಒಂದೇ ಎಂಜಿನ್ನಿನ ಎರಡು ಕಡೆ ಎರಡು ಬೇರೆ ಪಂಚ್‌ಗಳ ಅಚ್ಚು ಏಕೆ ಬಿತ್ತು?

ಇದಕ್ಕಿಂತ ಗಂಭೀರವಾಗಿ ಕಂಡದ್ದು ಅಂಕಿಗಳ ಕೆಳಗಿನ ಮೈ. ಅಲ್ಲಿ ಸಣ್ಣ ಬಾಗಿದ ಗೀರುಗಳಿದ್ದವು, ಕೈಯಲ್ಲಿ ಹಿಡಿಯುವ ಗ್ರೈಂಡರ್ ಬಿಡುವಂಥವು. ಗೀರುಗಳು ಅಂಕಿಗಳ ಅಂಚಿನವರೆಗೆ ಬಂದು ಅಲ್ಲಿ ತಗ್ಗಿಗೆ ಬೀಳುತ್ತಿದ್ದವು, ಅಂಕಿಗಳ ಒಳಗೆ ಗೀರಿರಲಿಲ್ಲ. ಅಂದರೆ ಮೊದಲು ಮೈ ಉಜ್ಜಿ, ಆಮೇಲೆ ಅಂಕಿ ಒತ್ತಿದ್ದಾರೆ. ಉಕ್ಕಿನ ಅಡಿಕೋಲನ್ನು ಅದರ ಮೇಲೆ ನಿಲ್ಲಿಸಿದರೆ ಮಧ್ಯದಲ್ಲಿ ಬೆಳಕು ತೂರುತ್ತಿತ್ತು. ಆ ಜಾಗ ಸ್ವಲ್ಪ ತಗ್ಗಾಗಿತ್ತು.

ಇವುಗಳಲ್ಲಿ ಯಾವುದೂ ಒಂಟಿಯಾಗಿ ನಿರ್ಣಾಯಕವಲ್ಲ. ತುಕ್ಕು ಉಜ್ಜಿದ್ದಿರಬಹುದು, ಮಾಸಿದ ಸಂಖ್ಯೆಯನ್ನು ಯಾರೋ ಮತ್ತೆ ಒತ್ತಿದ್ದಿರಬಹುದು. ಹಾಗಾಗಿ ಮಾರುವವರಿಗೆ ಫೋಟೊಗಳನ್ನು ತೋರಿಸಿ, ಆಸಿಡ್ ಪರೀಕ್ಷೆಗೆ ಒಪ್ಪಿಗೆ ಕೇಳಿದೆವು. ಈ ಪರೀಕ್ಷೆ ಆ ಜಾಗದ ಮೈಯನ್ನು ಕೊಂಚ ಕೆಡಿಸುವುದರಿಂದ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಲೇಬಾರದು. ಅವರಿಗೆ ಬೇಸರವಾಯಿತು, ಆದರೆ ಒಪ್ಪಿದರು.

ಪರೀಕ್ಷೆಯ ತತ್ತ್ವ ಸರಳವಾಗಿದೆ. ಪಂಚ್ ಹೊಡೆದಾಗ ಕಣ್ಣಿಗೆ ಕಾಣುವ ತಗ್ಗಿನ ಕೆಳಗೂ ಲೋಹದ ಹರಳುಗಳು ಒತ್ತಿ ವಿರೂಪಗೊಳ್ಳುತ್ತವೆ. ಅಂಕಿ ಮಾಯವಾಗುವವರೆಗೆ ಉಜ್ಜಿದರೂ ಆ ವಿರೂಪ ಇನ್ನೂ ಆಳದಲ್ಲಿ ಉಳಿದಿರುತ್ತದೆ. ಹೈಡ್ರೊಕ್ಲೋರಿಕ್ ಆಮ್ಲ ಮತ್ತು ತಾಮ್ರದ ಕ್ಲೋರೈಡ್ ಬೆರೆಸಿದ ದ್ರಾವಣ ವಿರೂಪಗೊಂಡ ಜಾಗವನ್ನೂ ಉಳಿದ ಜಾಗವನ್ನೂ ಬೇರೆ ಬೇರೆ ವೇಗದಲ್ಲಿ ತಿನ್ನುವುದರಿಂದ ಹಳೆಯ ಅಚ್ಚು ನೆರಳಿನಂತೆ ಮೇಲೇಳುತ್ತದೆ. ಅಪರಾಧ ಪ್ರಯೋಗಾಲಯಗಳು ಬಂದೂಕುಗಳ ಅಳಿಸಿದ ಸಂಖ್ಯೆ ಓದುವುದೂ ಹೀಗೆಯೇ. ಬ್ಲಾಕ್ ಎರಕದ ಕಬ್ಬಿಣವಾದ್ದರಿಂದ ಉಕ್ಕಿನಷ್ಟು ಸ್ಪಷ್ಟ ಫಲ ಸಿಗುವುದಿಲ್ಲ. ಈ ಕೆಲಸ ಬಲ್ಲ ಲೋಹತಜ್ಞರಿಂದ ಮಾಡಿಸಿದೆವು.

ಪೂರ್ತಿ ಸಂಖ್ಯೆ ಬರಲಿಲ್ಲ. ‘ಆರ್’ ಅಕ್ಷರದ ಎಡಕ್ಕೆ, ಈಗ ಏನೂ ಇಲ್ಲದ ಜಾಗದಲ್ಲಿ, ಒಂದು ನೇರ ಗೀಟು ಮತ್ತು ಅದರ ಬುಡದಿಂದ ಬಲಕ್ಕೆ ಹೊರಟ ಚಿಕ್ಕ ಗೀಟು ಕಂಡಿತು. ಅದರ ಪಕ್ಕದಲ್ಲಿ ‘ಆರ್’ನ ಕೆಳಗೆ ಸಿಕ್ಕಿಕೊಂಡ ದುಂಡು ಅಕ್ಷರದ ತುಣುಕು. ‘ಎಲ್‌ಬಿ’ ಎಂದು ಓದಲು ಮನಸ್ಸು ತುಡಿಯಿತು. ವರದಿಯಲ್ಲಿ ಮಾತ್ರ ನಾವು ‘ಹಿಂದೆ ಬೇರೆ ಅಚ್ಚು ಇತ್ತು, ಮೊದಲ ಅಕ್ಷರ ಎಲ್ ಆಗಿರುವ ಸಾಧ್ಯತೆ ಹೆಚ್ಚು’ ಎಂದಷ್ಟೇ ಬರೆದೆವು. ತಪಾಸಣೆ ಮಾಡುವವರು ಕಂಡದ್ದಕ್ಕಿಂತ ಹೆಚ್ಚು ಬರೆದರೆ, ಸುಳ್ಳು ಅಚ್ಚು ಒತ್ತಿದವರಿಗೂ ಅವರಿಗೂ ನಡುವಿನ ದೂರ ಕಡಿಮೆಯಾಗುತ್ತದೆ.

ಕಡತದ ಕೊನೆಯ ಪುಟಗಳು

ಉತ್ತರ ಪೂರ್ಣಗೊಂಡದ್ದು ಕಾಗದದಲ್ಲಿ. ಮಾರುವವರ ಕಡತದ ಮುಂಭಾಗದಲ್ಲಿ ಪ್ರಮಾಣಪತ್ರ, ಪ್ರದರ್ಶನಗಳ ಫೋಟೊಗಳು, ಪುನಶ್ಚೇತನದ ವರದಿ ಇದ್ದವು. ಎಲ್ಲರೂ ಓದುವುದು ಅವನ್ನೇ. ಹಿಂಭಾಗದಲ್ಲಿ ಟೈರು, ಸೈಲೆನ್ಸರ್, ಬ್ಯಾಟರಿಗಳ ಹಳೆಯ ಬಿಲ್ಲುಗಳ ಕಟ್ಟು. ಅವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಂದೊಂದನ್ನೂ ಓದಿದೆ. 1971ರ ಒಂದು ಗ್ಯಾರೇಜ್ ಬಿಲ್ಲಿನಲ್ಲಿ, ಬ್ರೇಕ್ ಪ್ಯಾಡುಗಳ ಸಾಲಿನ ಕೆಳಗೆ, ಕೈಬರಹದಲ್ಲಿ ಹೀಗಿತ್ತು: ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳಿದೆ, ಬಳಸಿದ 3.8 ಬ್ಲಾಕ್ ಹಾಕಿ ಗ್ರಾಹಕರ ಹೆಡ್ ಮರಳಿ ಕೂರಿಸಲಾಗಿದೆ.

ಚಳಿಗಾಲದಲ್ಲಿ ಆ್ಯಂಟಿಫ್ರೀಜ್ ಹಾಕದೆ ನಿಲ್ಲಿಸಿದ ಕಾರಿಗೆ ಆಗುವ ಸಾಮಾನ್ಯ ಅನಾಹುತ ಅದು. 1971ರಲ್ಲಿ ಇ-ಟೈಪ್ ಒಂದು ಹಳೆಯ ಕಾರು ಅಷ್ಟೇ ಆಗಿತ್ತು. ಯಾರೂ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ, ಮೆಕ್ಯಾನಿಕ್ ಮಾಡಿದ್ದನ್ನು ಮಾಡಿದಂತೆಯೇ ಬರೆದ. ಈ ಕಾರಣಕ್ಕೇ ಆ ಒಂದು ಸಾಲನ್ನು ನಾನು ಉಳಿದೆಲ್ಲ ದಾಖಲೆಗಳಿಗಿಂತ ಹೆಚ್ಚು ನಂಬುತ್ತೇನೆ. ಬರೆದವನಿಗೆ ಅದರಿಂದ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ.

ಹೊಸ ಅಚ್ಚು ಬಿದ್ದದ್ದು ಯಾವಾಗ? ಕಾರು ಪೂರ್ತಿಯಾಗಿ ಬಿಚ್ಚಿ ಜೋಡಣೆಯಾದದ್ದು 1980ರ ದಶಕದ ಕೊನೆಯಲ್ಲಿ, ಹಳೆಯ ಸ್ಪೋರ್ಟ್ಸ್ ಕಾರುಗಳ ಬೆಲೆ ಗಗನಕ್ಕೇರಿದ್ದ ಕಾಲ. ಆಗಿನ ಪುನಶ್ಚೇತನ ವರದಿಯಲ್ಲಿ ಬ್ಲಾಕ್ ಬದಲಾದ ಮಾತಿಲ್ಲ, ‘ಮೂಲ ಎಂಜಿನ್’ ಎಂಬ ಮಾತಿದೆ. ಇಂದಿನ ಮಾಲೀಕರು ಕಾರು ಕೊಂಡದ್ದು ಅದಾದ ಮೇಲೆ. ಯಾರು ಒತ್ತಿದರು ಎಂದು ಹೇಳಲು ಸಾಕ್ಷ್ಯವಿಲ್ಲ. ವರದಿಯಲ್ಲಿ ಯಾರ ಹೆಸರನ್ನೂ ನಾವು ಬರೆಯಲಿಲ್ಲ.

ಮಾರುವವರು ಬಿಲ್ಲನ್ನು ಮತ್ತೆ ಮತ್ತೆ ಓದಿದರು. ಅಷ್ಟು ವರ್ಷ ಅದು ಅವರ ಮನೆಯಲ್ಲೇ ಇತ್ತು. ತಾವು ನಂಬಿ ಕೊಂಡದ್ದನ್ನು ನಂಬಿಯೇ ಮಾರಲು ಹೊರಟಿದ್ದರು. ತುಕ್ಕಿನ ತುಂಡನ್ನು ಜೋಪಾನ ಮಾಡಿದ ಮನುಷ್ಯ ಬ್ಲಾಕ್‌ನ ವಿಷಯದಲ್ಲಿ ಮೋಸ ಮಾಡಿರಲಾರರು ಎಂಬುದು ನನ್ನ ಅಭಿಪ್ರಾಯ. ಅದನ್ನು ಅವರಿಗೂ ಖರೀದಿದಾರರಿಗೂ ಹೇಳಿದೆ.

ಕಾರು ಅಸಲಿಯೇ?

ಖರೀದಿದಾರರ ಮುಂದಿನ ಪ್ರಶ್ನೆ ಇದು, ಬಹಳ ಸರಿಯಾದ ಪ್ರಶ್ನೆ. ಇದಕ್ಕೆ ಸಂಬಂಧಿಸಿ ಇಂಗ್ಲೆಂಡಿನ ಹೈಕೋರ್ಟ್ 1990ರಲ್ಲಿ ಒಂದು ಪ್ರಸಿದ್ಧ ತೀರ್ಪು ಕೊಟ್ಟಿದೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಕಾರು ಸ್ಪರ್ಧೆಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರನ್ನು ಕೊಳ್ಳಲು ಒಪ್ಪಿದವರು, ಅದರಲ್ಲಿ ಗೆದ್ದ ದಿನದ ಭಾಗಗಳು ಬಹಳ ಕಡಿಮೆ ಉಳಿದಿವೆ ಎಂದು ಹಿಂದೆ ಸರಿದಿದ್ದರು. ಕಾರು ಒಂದೇ ಸಲಕ್ಕೆ ಬೇರೆಯಾಗಲಿಲ್ಲ, ಒಂದು ನಿರಂತರ ಬಾಳಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಾ ಬಂತು, ಆದ್ದರಿಂದ ಆ ಹೆಸರಿಗೆ ಅದು ಹಕ್ಕುಳ್ಳದ್ದೇ ಎಂದು ನ್ಯಾಯಾಲಯ ಕಾರು ಮಾರುವವರ ಪರವಾಗಿ ತೀರ್ಪಿತ್ತಿತು.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಮುಂದಿನ ಇ-ಟೈಪ್ ನಿಸ್ಸಂಶಯವಾಗಿ ಅದೇ ಕಾರು. 1962ರಲ್ಲಿ ನೀಲಿ ಬಣ್ಣದಲ್ಲಿ ಹೊರಟ ಒಡಲು ಇದೇ, ಗೇರ್‌ಬಾಕ್ಸ್ ಇದೇ, ಹೆಡ್ ಇದೇ. ಮಾಲೀಕತ್ವದ ಸರಪಳಿ ಎಲ್ಲೂ ಕಡಿದಿಲ್ಲ. ಇದೇ ಚಾಸಿ ಸಂಖ್ಯೆಯ ಇನ್ನೊಂದು ಕಾರು ಎಲ್ಲಾದರೂ ಇದೆಯೇ ಎಂದು ಇ-ಟೈಪ್ ದಾಖಲೆ ಇಟ್ಟಿರುವ ಕ್ಲಬ್‌ನಲ್ಲಿ ವಿಚಾರಿಸಿದ್ದೆವು, ಇರಲಿಲ್ಲ. ಸುಳ್ಳಾದದ್ದು ‘ಎಂಜಿನ್ ಕಾರ್ಖಾನೆಯಲ್ಲಿ ಕೂರಿಸಿದ್ದೇ’ ಎಂಬ ಮಾತು. ಸಲೂನಿನ ಬ್ಲಾಕ್ ತನ್ನ ಸ್ವಂತ ಸಂಖ್ಯೆಯೊಂದಿಗೆ ಇದ್ದಿದ್ದರೆ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಅದೂ ಜಾಗ್ವಾರ್‌ನದೇ, ಅದೇ ಕಾಲದ್ದೇ, ಚೆನ್ನಾಗಿ ಓಡುವಂಥದ್ದೇ. ಅನ್ಯಾಯ ಮಾಡಿದ್ದು ಅದರ ಮೇಲೆ ಒತ್ತಿದ ಅಂಕಿಗಳು. ಐವತ್ತು ವರ್ಷ ಈ ಕಾರು ಬಾಳಿದ ರೀತಿಯನ್ನು ಅವು ಅಳಿಸಿಹಾಕಿದವು ಎಂಬುದು ಹಣದ ನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತದೆ.

ಖರೀದಿದಾರರು ಕಾರನ್ನು ಕೊಂಡರು. ಮೂಲ ಎಂಜಿನ್ ಇರುವ ಕಾರಿಗೂ ಬದಲಾದ ಎಂಜಿನ್ ಇರುವ ಕಾರಿಗೂ ಇರುವ ಬೆಲೆಯ ವ್ಯತ್ಯಾಸವನ್ನು ಸ್ವತಂತ್ರ ಮೌಲ್ಯಮಾಪಕರಿಂದ ಬರೆಸಿ, ಅಷ್ಟನ್ನು ಕೇಳಿದ ಬೆಲೆಯಿಂದ ಇಳಿಸಲಾಯಿತು. ಒಪ್ಪಂದದಲ್ಲಿ ಮೊದಲಿನ ಆ ವಾಕ್ಯ ತೆಗೆದು ನಾಲ್ಕು ಭಾಗಗಳಿಗೂ ಬೇರೆ ಬೇರೆ ವಾಕ್ಯ ಬರೆಯಿಸಿದೆವು: ಒಡಲು ಮೂಲದ್ದು, ತಳ ಮತ್ತು ಸಿಲ್‌ಗಳು ಬದಲಾಗಿವೆ, ಮುಂದಿನ ಚೌಕಟ್ಟುಗಳು ಹೊಸವು, ಹಳೆಯ ಸಂಖ್ಯೆಯ ತುಂಡು ಕಾರಿನೊಂದಿಗೆ ಹಸ್ತಾಂತರವಾಗುತ್ತದೆ, ಗೇರ್‌ಬಾಕ್ಸ್ ಮತ್ತು ಸಿಲಿಂಡರ್ ಹೆಡ್ ಮೂಲದವು, ಬ್ಲಾಕ್ 1971ರಲ್ಲಿ ಹಾಕಿದ ಬದಲಿ ಬ್ಲಾಕ್, ಅದರ ಮೇಲಿನ ಸಂಖ್ಯೆ ಕಾರ್ಖಾನೆಯ ಅಚ್ಚಲ್ಲ.

ಸುಳ್ಳು ಸಂಖ್ಯೆಯನ್ನು ಉಜ್ಜಿ ತೆಗೆಯೋಣವೇ ಎಂದು ಖರೀದಿದಾರರು ಕೇಳಿದ್ದರು. ಬೇಡವೆಂದೆ. ವಾಹನದ ಗುರುತಿನ ಸಂಖ್ಯೆಗಳನ್ನು ಅಳಿಸುವುದು, ತಿದ್ದುವುದು ಹಲವು ದೇಶಗಳಲ್ಲಿ ಅಪರಾಧ. ಅದಲ್ಲದೆ, ಆಸಿಡ್ ಎಬ್ಬಿಸಿದ ನೆರಳು ಈಗ ಆ ಜಾಗದಲ್ಲಿರುವ ಏಕೈಕ ನಿಜವಾದ ಗುರುತು. ಬ್ಲಾಕ್‌ಗೆ ತುಕ್ಕು ಹಿಡಿಯದಂತೆ ತೆಳುವಾಗಿ ಪಾರದರ್ಶಕ ಲೇಪ ಬಳಿದು ಹಾಗೆಯೇ ಬಿಡಲಾಯಿತು. ಫೋಟೊಗಳು, ಲೋಹತಜ್ಞರ ವರದಿ ಮತ್ತು 1971ರ ಬಿಲ್ಲಿನ ಪ್ರತಿಯನ್ನು ಕ್ಲಬ್‌ನ ದಾಖಲೆಗೂ ಸೇರಿಸಿದ್ದೇವೆ. ಮೂಲ ಬಿಲ್ಲು ಈಗ ಕಡತದ ಮೊದಲ ಪುಟದಲ್ಲಿ, ಪ್ರಮಾಣಪತ್ರದ ಎದುರಿಗೇ ಇದೆ.